ಗೋವಾದ ಕದಡು ನೀರಿಗೆ ಯಾವ ಕ್ಯಾಮೆರಾ, ಯಾವ ಬೆಳಕು

ನಾನು ವಾಸ್ಕೋದಲ್ಲಿದ್ದುಕೊಂಡು ನೀರೊಳಗೆ ಚಿತ್ರ ತೆಗೆಯುತ್ತೇನೆಂದು ತಿಳಿದ ಕೂಡಲೇ, ಹುಬ್ಬಳ್ಳಿ, ಬೆಳಗಾವಿ, ಶಿರಸಿ ಕಡೆಯಿಂದ ಡೈವಿಂಗ್ ಕಲಿಯಲು ಬರುವ ಪರಿಚಯದವರು ಕೇಳುವ ಮೊದಲ ಪ್ರಶ್ನೆ ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದು. ನನ್ನ ಉತ್ತರ ನೀರಿನಿಂದ ಆರಂಭವಾಗುತ್ತದೆ. ಮಾಂಡವಿ ಮತ್ತು ಜುವಾರಿ ನದಿಗಳು ಮಳೆಗಾಲದುದ್ದಕ್ಕೂ ಹೂಳನ್ನು ಕಡಲಿಗೆ ತಂದು ಸುರಿಯುವುದರಿಂದ, ಅಕ್ಟೋಬರ್‌ನಲ್ಲಿ ಡೈವಿಂಗ್ ಮತ್ತೆ ಶುರುವಾದಾಗಲೂ ಗ್ರಾಂಡೆ ದ್ವೀಪದ ಸುತ್ತ ನೀರು ತಿಳಿಯಾಗಿರುವುದಿಲ್ಲ. ಎಷ್ಟೋ ದಿನ ಕೆಲವೇ ಮೀಟರ್ ಆಚೆಗಿನ ಬಂಡೆಯೂ ಮಸುಕು ನೆರಳಾಗಿ ಕಾಣುತ್ತದೆ. ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಅಥವಾ ಮುರ್ಡೇಶ್ವರದ ಎದುರಿನ ನೇತ್ರಾಣಿಯ ತಿಳಿನೀರಿನಲ್ಲಿ ಸೊಗಸಾದ ಚಿತ್ರ ಕೊಡುವ ಸಾಮಗ್ರಿ ಇಲ್ಲಿ ಅಷ್ಟೇ ಫಲ ಕೊಡುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಮೊದಲು ನೀರನ್ನು ನೋಡಬೇಕು, ಆಮೇಲೆ ಉಪಕರಣ ಆರಿಸಬೇಕು, ಹಣವನ್ನು ಕ್ಯಾಮೆರಾಗಿಂತ ಮೊದಲು ಬೆಳಕಿಗೆ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣ ನೀರಿನ ಸ್ವಭಾವದಲ್ಲೇ ಇದೆ. ಬಿಸಿಲಿನ ಬಣ್ಣಗಳಲ್ಲಿ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ. ಸುಮಾರು 5 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯವಾಗಿ, 10 ಮೀಟರ್ ಹೊತ್ತಿಗೆ ಕಿತ್ತಳೆಯೂ ಮಂಕಾಗುತ್ತದೆ. ತೆರೆದ ಸಾಗರದಲ್ಲಿ ಕೊನೆಗೆ ಉಳಿಯುವುದು ನೀಲಿ. ಆದರೆ ನಮ್ಮ ಕರಾವಳಿಯ ನೀರಿನಲ್ಲಿ ಸೂಕ್ಷ್ಮ ಪಾಚಿಗಳೂ ಕೊಳೆತ ಸಸ್ಯಗಳಿಂದ ಕರಗಿಬಂದ ದ್ರವ್ಯಗಳೂ ನೀಲಿಯನ್ನು ಸಹ ಕಬಳಿಸುವುದರಿಂದ ಎಲ್ಲವೂ ಹಸಿರಾಗಿ ತೋರುತ್ತದೆ. ಇಲ್ಲಿ ಒಂದು ಅಂಶವನ್ನು ಮರೆಯಬಾರದು: ಈ ಲೆಕ್ಕ ಕೇವಲ ಆಳದ್ದಲ್ಲ, ಬೆಳಕು ಕ್ರಮಿಸುವ ಒಟ್ಟು ದೂರದ್ದು. 8 ಮೀಟರ್ ಆಳದಲ್ಲಿ 2 ಮೀಟರ್ ಆಚೆಗಿರುವ ಮೀನಿನ ಬಣ್ಣ ನಮ್ಮ ಲೆನ್ಸ್ ತಲುಪಬೇಕಾದರೆ ಬೆಳಕು 10 ಮೀಟರ್ ನೀರನ್ನು ದಾಟಿರಬೇಕಾಗುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು, ಅಂದರೆ ಬಣ್ಣಗಳ ಹೊಂದಾಣಿಕೆಯನ್ನು, ಸರಿಪಡಿಸಿದರೆ ಅಥವಾ ಮುಂದೆ ಕೆಂಪು ಫಿಲ್ಟರ್ ಹಾಕಿದರೆ ಅಳಿದುಳಿದ ಕೆಂಪು ಎದ್ದು ಕಾಣಬಹುದೇ ಹೊರತು, ಇಲ್ಲವಾದ ಕೆಂಪು ಮರಳಿ ಬರುವುದಿಲ್ಲ. ಫಿಲ್ಟರ್ ಎಂಬುದು ಇರುವ ಬೆಳಕಿನಲ್ಲೇ ಒಂದಷ್ಟನ್ನು ತಡೆಯುವ ಗಾಜು. ಮೊದಲೇ ಮಬ್ಬಾಗಿರುವ ಇಲ್ಲಿನ ನೀರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಬೆಳಕಿಗಾಗಿ ಪಟ್ಟ ಪಾಡು ಈ ಕಲೆಯಷ್ಟೇ ಹಳೆಯದು. 1893ರಲ್ಲಿ ಫ್ರಾನ್ಸಿನ ಬನ್ಯುಲ್ಸ್ ಕರಾವಳಿಯಲ್ಲಿ ನೀರೊಳಗೆ ಚಿತ್ರ ತೆಗೆಯಲು ಇಳಿದ ಜೀವವಿಜ್ಞಾನಿ ಲೂಯಿ ಬೂತಾನ್, ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ಸ್ಪಿರಿಟ್ ದೀಪವನ್ನಿಟ್ಟು, ಅದರ ಜ್ವಾಲೆಗೆ ಮೆಗ್ನೀಸಿಯಂ ಪುಡಿಯನ್ನು ಊದಿ ಬೆಳಕು ಪಡೆದಿದ್ದರು. ಇಂದು ಅಂಗೈಯಲ್ಲಿ ಹಿಡಿಯಬಹುದಾದ ಸ್ಟ್ರೋಬ್, ಅಂದರೆ ನೀರೊಳಗಿನ ಫ್ಲ್ಯಾಶ್, ಅದೇ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡುವಾಗ, ಅದಕ್ಕೆ ಖರ್ಚು ಮಾಡಲು ಹಿಂಜರಿಯಬಾರದೆಂದು ನನಗೆ ಅನ್ನಿಸುತ್ತದೆ.

ಸ್ಟ್ರೋಬ್ ಮತ್ತು ವಿಡಿಯೊ ಲೈಟ್ ಎರಡರಲ್ಲಿ ಯಾವುದೆಂದು ಕೇಳಿದರೆ, ಸ್ಥಿರಚಿತ್ರವೇ ಮುಖ್ಯವಾದವರಿಗೆ ನಾನು ಸ್ಟ್ರೋಬ್ ಎನ್ನುತ್ತೇನೆ. ಸ್ಟ್ರೋಬ್‌ನ ಮಿಂಚು ಬಹಳ ಪ್ರಬಲ, ಬಹಳ ಅಲ್ಪಕಾಲಿಕ. ಅಲೆಯ ಎಳೆತಕ್ಕೆ ನಾವೂ ಮೀನೂ ಅಲ್ಲಾಡುತ್ತಿದ್ದರೂ ಚಿತ್ರ ಚೂಪಾಗಿ ಬರುತ್ತದೆ. ವಿಡಿಯೊ ಲೈಟ್‌ನಲ್ಲಿ ಬೀಳುವ ಬೆಳಕನ್ನು ಕಣ್ಣಾರೆ ನೋಡಿ ಹೊಂದಿಸಿಕೊಳ್ಳಬಹುದೆಂಬ ಅನುಕೂಲವಿದೆ, ಆದರೆ ಅಷ್ಟೇ ಪ್ರಕಾಶ ಅದರಿಂದ ಸಿಗದು, ಸಂಕೋಚದ ಜೀವಿಗಳು ಸತತ ಬೆಳಕಿಗೆ ಬಿಲ ಸೇರುತ್ತವೆ. ಯಾವುದೇ ಇರಲಿ, ಅದನ್ನು ಲೆನ್ಸಿನ ಪಕ್ಕದಲ್ಲೇ ಇಡುವುದು ಈ ನೀರಿನಲ್ಲಿ ಸಲ್ಲದು. ಮಳೆಗಾಲದಲ್ಲಿ ಚೋರ್ಲಾ ಘಾಟಿಯ ಮಂಜಿನೊಳಗೆ ಹೈ ಬೀಮ್ ಹಾಕಿದರೆ ರಸ್ತೆ ಕಾಣದೆ ಬಿಳಿ ಗೋಡೆಯೇ ಎದುರಾಗುವ ಹಾಗೆ, ಲೆನ್ಸಿನ ಪಕ್ಕದಿಂದ ಹೊರಟ ಬೆಳಕು ನೀರಿನಲ್ಲಿ ತೇಲುವ ಕಣಗಳಿಗೆ ತಾಗಿ ನೇರ ಹಿಂದಿರುಗಿ ಚಿತ್ರದ ತುಂಬ ಬಿಳಿ ಚುಕ್ಕೆಗಳನ್ನು ಚೆಲ್ಲುತ್ತದೆ. ಬ್ಯಾಕ್‌ಸ್ಕ್ಯಾಟರ್ ಎಂದು ಕರೆಯುವ ಈ ತೊಂದರೆಗೆ ಪರಿಹಾರ ಉದ್ದನೆಯ ಕೈಗಳು. ಕೀಲು ಮತ್ತು ಕ್ಲ್ಯಾಂಪ್‌ಗಳಿರುವ ಎರಡು ತುಂಡಿನ ಕೈಯ ತುದಿಗೆ ಸ್ಟ್ರೋಬ್ ಸಿಕ್ಕಿಸಿ, ಅದನ್ನು ಹೌಸಿಂಗ್‌ನಿಂದ, ಅಂದರೆ ಕ್ಯಾಮೆರಾ ಕೂರುವ ನೀರು ಹೊಗದ ಪೆಟ್ಟಿಗೆಯಿಂದ, ದೂರಕ್ಕೂ ತುಸು ಹಿಂದಕ್ಕೂ ಸರಿಸಿ, ಕೊಂಚ ಹೊರಮುಖವಾಗಿ ತಿರುಗಿಸಿದರೆ, ಬೆಳಕಿನ ಶಂಕುವಿನ ಅಂಚು ಮಾತ್ರ ವಸ್ತುವಿಗೆ ತಾಗಿ ಲೆನ್ಸಿನ ಮುಂದಿನ ನೀರು ಕತ್ತಲಲ್ಲೇ ಉಳಿಯುತ್ತದೆ. ನೀರೊಳಗೆ ಎಲ್ಲ ವಸ್ತುಗಳೂ ಇರುವ ದೂರದ ಮುಕ್ಕಾಲು ಪಾಲಿನಲ್ಲೇ ಇರುವಂತೆ ಕಾಣುವುದರಿಂದ, ಕಣ್ಣಳತೆಗೆ ಸರಿಯಾಗಿ ಗುರಿಯಿಟ್ಟ ಬೆಳಕು ನಿಜವಾಗಿ ವಸ್ತುವಿನ ಮುಂದೆಯೇ ಬೀಳುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಆದರೂ ಬ್ಯಾಕ್‌ಸ್ಕ್ಯಾಟರ್‌ಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಹತ್ತಿರ ಹೋಗುವುದು. ಲೆನ್ಸಿಗೂ ವಸ್ತುವಿಗೂ ನಡುವೆ ನೀರು ಕಡಿಮೆಯಾದಷ್ಟೂ ಕಣಗಳು ಕಡಿಮೆ, ಬಣ್ಣ ಹೆಚ್ಚು, ಸ್ಪಷ್ಟತೆ ಹೆಚ್ಚು. ಈ ಕಾರಣಕ್ಕೆ ಗೋವಾದಲ್ಲಿ ಕಲಿಯುವವರು ಮ್ಯಾಕ್ರೊದಿಂದ, ಅಂದರೆ ಚಿಕ್ಕ ಜೀವಿಗಳ ಸಮೀಪಚಿತ್ರದಿಂದ ಆರಂಭಿಸುವುದೇ ಲೇಸು. ಗ್ರಾಂಡೆ ದ್ವೀಪದ ಬಳಿಯ ಬಂಡೆಗಳ ಮೇಲೂ ಸೂಜೀಸ್ ರೆಕ್ ಎಂದು ಹೆಸರಾದ ಮುಳುಗಿದ ಹಡಗಿನ ತಗಡುಗಳ ಮೇಲೂ ಕಣ್ಣಿಟ್ಟು ಹುಡುಕಿದರೆ ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುಗಳೂ, ಪುಟ್ಟ ಏಡಿಗಳೂ ಸಿಗುತ್ತವೆ. 5 ಸೆಂಟಿಮೀಟರ್ ದೂರದಿಂದ ತೆಗೆದ ಅವುಗಳ ಚಿತ್ರವನ್ನು ನೋಡಿದವರಿಗೆ ಇದು ಕದಡಿದ ನೀರೆಂದು ತಿಳಿಯುವುದೇ ಇಲ್ಲ. ಅದೇ ದೊಡ್ಡ ಮುರು ಮೀನನ್ನೋ ಇಡೀ ಹಡಗನ್ನೋ ಒಂದೇ ಚೌಕಟ್ಟಿಗೆ ತರಬೇಕೆಂದರೆ ತುಂಬ ಅಗಲ ಕೋನದ ಲೆನ್ಸ್ ಬೇಕು. ಅದರಿಂದಲೂ ಹತ್ತಿರದಲ್ಲೇ ನಿಂತು ತೆಗೆಯಬೇಕೇ ಹೊರತು, ದೂರದಿಂದ ಜೂಮ್ ಮಾಡಬಾರದು.

ಹೌಸಿಂಗ್‌ನ ಮುಂಭಾಗದ ಗಾಜಿಗೆ, ಅಂದರೆ ಪೋರ್ಟ್‌ಗೆ, ಇಲ್ಲಿ ದೊಡ್ಡ ಪಾತ್ರವಿದೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಆಗಿರುವುದರಿಂದ ಚಪ್ಪಟೆ ಗಾಜಿನ ಮೂಲಕ ನೋಡಿದಾಗ ವಸ್ತುಗಳು ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತವೆ. ಮ್ಯಾಕ್ರೊಗೆ ಇದು ವರವೇ ಸರಿ. ಅಗಲ ಕೋನದ ಲೆನ್ಸಿಗೆ ಮಾತ್ರ ನಷ್ಟ, ಏಕೆಂದರೆ ನೋಟದ ಅಗಲ ಕುಗ್ಗಿ ಅಂಚುಗಳಲ್ಲಿ ಬಣ್ಣ ಸೀಳಿಕೊಳ್ಳುತ್ತದೆ. ಅಂಥ ಲೆನ್ಸಿಗೆ ಅರ್ಧಗೋಳದ ಡೋಮ್ ಪೋರ್ಟ್ ಬೇಕು. ಆದರೆ ಡೋಮ್‌ನ ಮುಂದೆ ದೂರದ ದೃಶ್ಯದ ಬಿಂಬವೂ ಅದರ ತ್ರಿಜ್ಯದ ಸುಮಾರು ಮೂರು ಪಟ್ಟು ದೂರದಲ್ಲಷ್ಟೇ ಮೂಡುವುದರಿಂದ, ಬಹಳ ಹತ್ತಿರಕ್ಕೆ ಫೋಕಸ್ ಮಾಡಲಾರದ ಲೆನ್ಸ್ ಎಷ್ಟೇ ದುಬಾರಿಯಾಗಿದ್ದರೂ ಅಲ್ಲಿ ನಿರುಪಯೋಗಿ.

ಇನ್ನು ಕ್ಯಾಮೆರಾ. ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವುದು ಒಲಿಂಪಸ್ ಟಿಜಿ-6ರಂಥ ಗಟ್ಟಿ ಕಾಂಪ್ಯಾಕ್ಟ್. ಅದು ಹೌಸಿಂಗ್ ಇಲ್ಲದೆಯೇ 15 ಮೀಟರ್‌ವರೆಗೆ ನೀರು ತಡೆಯುತ್ತದೆ, ಲೆನ್ಸಿನಿಂದ 1 ಸೆಂಟಿಮೀಟರ್ ಹತ್ತಿರದ ವಸ್ತುವಿಗೂ ಫೋಕಸ್ ಮಾಡುತ್ತದೆ, ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ರಾ (RAW) ಕಡತಗಳನ್ನು ಉಳಿಸುತ್ತದೆ. ಹೌಸಿಂಗ್ ತೊಡಿಸಿ ಇಳಿಸಿದರೆ, ಅಕಸ್ಮಾತ್ ನೀರು ಒಳಹೊಕ್ಕರೂ ಕ್ಯಾಮೆರಾ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಗೋಪ್ರೊನಂಥ ಆ್ಯಕ್ಷನ್ ಕ್ಯಾಮೆರಾ ವಿಡಿಯೊಗೆ ಚೆನ್ನು, ಸ್ಟ್ರೋಬ್ ಜೊತೆಗಿನ ಸ್ಥಿರಚಿತ್ರಕ್ಕೆ ಅಲ್ಲ. ಮಿರರ್‌ಲೆಸ್, ಅಂದರೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ, ಕೊಳ್ಳುವವರು ಕ್ಯಾಮೆರಾ ಮತ್ತು ಹೌಸಿಂಗ್ ಎರಡನ್ನೂ ಒಟ್ಟಿಗೇ ವಿಚಾರಿಸಬೇಕು. ಹೌಸಿಂಗ್ ಸಾಮಾನ್ಯವಾಗಿ ಒಂದೇ ಮಾದರಿಗೆ ಹೊಂದುವಂತೆ ಮಾಡಿದ್ದು, ಹಲವು ವೇಳೆ ಕ್ಯಾಮೆರಾಗಿಂತಲೂ ದುಬಾರಿಯಾದದ್ದು. ಕ್ಯಾಮೆರಾ ಬದಲಾದರೆ ಅದೂ ಮೂಲೆ ಸೇರುತ್ತದೆ. ಸ್ಟ್ರೋಬ್, ಕೈಗಳು, ಕ್ಲ್ಯಾಂಪ್‌ಗಳು ಮಾತ್ರ ಮುಂದಿನ ಕ್ಯಾಮೆರಾಗೂ ಬರುತ್ತವೆ, ಬೆಳಕಿಗೆ ಮೊದಲ ಪಾಲು ಕೊಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಫೈಬರ್ ಆಪ್ಟಿಕ್ ಕೇಬಲ್ ಮೂಲಕ ಸ್ಟ್ರೋಬ್ ಹೊತ್ತಿಸಲು ಕ್ಯಾಮೆರಾದಲ್ಲಿ ಚಿಕ್ಕ ಫ್ಲ್ಯಾಶ್ ಇರಬೇಕು, ಇಲ್ಲವಾದರೆ ಹೌಸಿಂಗ್ ಒಳಗೆ ಪ್ರತ್ಯೇಕ ಎಲ್‌ಇಡಿ ಟ್ರಿಗರ್ ಕೂರಿಸಬೇಕಾಗುತ್ತದೆ. ಕೊಳ್ಳುವ ಮುನ್ನವೇ ಇದನ್ನು ಕೇಳಿ ತಿಳಿಯಬೇಕು.

ಹೌಸಿಂಗ್ ಎಷ್ಟು ಆಳ ತಾಳುತ್ತದೆ ಎಂಬ ಚಿಂತೆ ಹಲವರಿಗಿರುತ್ತದೆ. ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಏರುವುದು ನಿಜ, ಆದರೆ ಆ ಒತ್ತಡವೇ ಓ-ರಿಂಗನ್ನು, ಅಂದರೆ ಹೌಸಿಂಗ್‌ನ ಸಂದನ್ನು ಮುಚ್ಚುವ ರಬ್ಬರ್ ಬಳೆಯನ್ನು, ಅದರ ಜಾಡಿನಲ್ಲಿ ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಓ-ರಿಂಗ್ ಮೇಲೆ ಒಂದು ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡರೆ ಮೊದಲ ಒಂದು ಮೀಟರಿನಲ್ಲೇ ನೀರು ಒಳಬರುತ್ತದೆ. ಬೋಟಿನ ಮೇಲೆ, ಗಾಳಿ ಮರಳಿನ ನಡುವೆ ಹೌಸಿಂಗ್ ತೆರೆಯಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಮನೆಯಲ್ಲೇ, ಒಳ್ಳೆಯ ಬೆಳಕಿನಲ್ಲಿ, ಓ-ರಿಂಗನ್ನು ಬೆರಳ ತುದಿಯಿಂದ ಸವರಿ ನೋಡಿ, ತಯಾರಕರು ಹೇಳಿದ ಗ್ರೀಸನ್ನೇ ತೆಳುವಾಗಿ, ಹೊಳಪು ಬರುವಷ್ಟು ಮಾತ್ರ ಹಚ್ಚಬೇಕು. ನೀರು ತಡೆಯುವುದು ರಬ್ಬರ್, ಗ್ರೀಸ್ ಅಲ್ಲ. ಹೆಚ್ಚು ಹಚ್ಚಿದರೆ ಧೂಳನ್ನು ಕರೆದಂತೆಯೇ. ಒಳಗಿನ ಗಾಳಿಯನ್ನು ಸ್ವಲ್ಪ ಹೊರಗೆಳೆದು ಸೋರಿಕೆ ಪರೀಕ್ಷಿಸುವ ವ್ಯಾಕ್ಯೂಮ್ ಪಂಪ್ ವ್ಯವಸ್ಥೆ ಕೈಗೆಟಕುವಂತಿದ್ದರೆ ಅದನ್ನು ಖಂಡಿತ ಹಾಕಿಸಿ, ಏಕೆಂದರೆ ನೀರಿಗಿಳಿಯುವ ಮೊದಲೇ ತಪ್ಪನ್ನು ತೋರಿಸಿಕೊಡುವ ಸಾಧನ ಅದೊಂದೇ.

ಕರಾವಳಿಯ ಸೆಖೆ ಮತ್ತೊಂದು ತೊಡಕನ್ನು ತರುತ್ತದೆ. ತೇವ ತುಂಬಿದ ಗಾಳಿಯಲ್ಲಿ ಮುಚ್ಚಿದ ಹೌಸಿಂಗ್ ತಂಪು ನೀರಿಗೆ ಇಳಿದೊಡನೆ ಪೋರ್ಟ್‌ನ ಒಳಮೈ ಮಂಜುಗಟ್ಟುತ್ತದೆ. ಎಸಿ ಕೋಣೆಯಲ್ಲಿ ಕ್ಯಾಮೆರಾ ಅಲ್ಲಿನ ತಾಪಕ್ಕೆ ಬಂದ ಮೇಲೆ ಮುಚ್ಚಿ, ಒಳಗೆ ಹೊಸ ಸಿಲಿಕಾ ಜೆಲ್ ಚೀಲವಿಟ್ಟು, ಬೋಟಿನಲ್ಲಿ ಒದ್ದೆ ಟವೆಲ್ ಹೊದಿಸಿ ನೆರಳಲ್ಲಿ ಇಟ್ಟರೆ ಸಾಕು.

ನೀರಿನಲ್ಲಿ ಸ್ಥಿರವಾಗಿ ತೇಲಲು ಬಾರದವರು ಕ್ಯಾಮೆರಾ ಒಯ್ಯಬಾರದು ಎಂಬ ನನ್ನ ಮಾತು ಕೆಲವರಿಗೆ ಕಠಿಣವೆನಿಸುತ್ತದೆ, ಆದರೂ ಅದನ್ನು ಸಡಿಲಿಸಲಾರೆ. ಚಿತ್ರಕ್ಕಾಗಿ ಬಂಡೆಗೆ ಕೈಯೂರಿ, ಕಾಲಿಗೆ ತೊಟ್ಟ ಫಿನ್‌ಗಳಿಂದ ಹೂಳೆಬ್ಬಿಸುವವರು ತಮ್ಮ ಚಿತ್ರವನ್ನೂ ಹಿಂದೆ ಬರುವವರ ಚಿತ್ರವನ್ನೂ ಕೆಡಿಸುತ್ತಾರೆ. ಅದಕ್ಕಿಂತ ಮಿಗಿಲಾಗಿ, ಬಂಡೆ ಕಟ್ಟುವ ಹವಳಗಳಿಗೂ ಕಡಲ್ಗುದುರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ; ಅವು ನಮ್ಮ ಮೊಣಕೈಗೆ ಮುರಿಯಬಾರದು. ಸ್ಟ್ರೋಬ್‌ಗಳ ಭಾರಕ್ಕೆ ಸರಿಯಾಗಿ ಕೈಗಳಿಗೆ ತೇಲುಗಳನ್ನು ಕಟ್ಟಿ ಇಡೀ ಸಾಮಗ್ರಿಯನ್ನು ನೀರಿನಲ್ಲಿ ಹಗುರಗೊಳಿಸಿದರೆ ಮಣಿಕಟ್ಟಿಗೂ ಆರಾಮ, ದೇಹದ ಸಮತೋಲಕ್ಕೂ ಅನುಕೂಲ.

ಮೇಲೆ ಬಂದ ಕೂಡಲೇ ಉಪ್ಪು ಒಣಗುವ ಮೊದಲು ಎಲ್ಲವನ್ನೂ ಸಿಹಿನೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿಟ್ಟು, ಪ್ರತಿಯೊಂದು ಗುಂಡಿಯನ್ನೂ ನೀರಿನೊಳಗೇ ಒತ್ತಿ ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಡೈವಿಂಗ್ ನಿಲ್ಲುತ್ತದೆ. ಆಗ ಬ್ಯಾಟರಿಗಳನ್ನು ಹೊರತೆಗೆದು, ಮುಖ್ಯ ಓ-ರಿಂಗನ್ನು ಜಾಡಿನಿಂದ ಬಿಡಿಸಿ ಚಿಕ್ಕ ಚೀಲದಲ್ಲಿಟ್ಟು, ಲೆನ್ಸ್‌ಗಳಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬದಲ್ಲಿ ತೆಗೆದಿಡುತ್ತೇನೆ. ಅಕ್ಟೋಬರ್‌ನ ಮೊದಲ ಡೈವ್‌ಗೆ ಹೊಸ ಓ-ರಿಂಗ್ ಹಾಕಿದ ಖಾಲಿ ಹೌಸಿಂಗನ್ನು, ತೇಲದಿರಲೆಂದು ಸೀಸದ ತೂಕ ಕಟ್ಟಿ, ಒಳಗೆ ಒಂದು ಟಿಶ್ಯೂ ಕಾಗದವಿಟ್ಟು ಒಯ್ಯುತ್ತೇನೆ. ಕಾಗದ ಒಣಗಿಯೇ ಮೇಲೆ ಬಂದರೆ ಮಾತ್ರ ಮುಂದಿನ ಡೈವ್‌ಗೆ ಕ್ಯಾಮೆರಾ ಅದರೊಳಗೆ ಹೋಗುತ್ತದೆ.