ಬೀಗ ಹಾಕಿದ ಗೇಟಿನಿಂದ ಶುರುವಾದ ವೈನ್ ಪ್ರವಾಸ

ಫ್ರಾನ್ಸಿನ ವೈನ್ ನಾಡು ಬೋರ್ಡೊಗೆ ಮೊದಲ ಸಲ ಹೋದಾಗ ನಾನು ವೈನಿಗಿಂತ ಬೀಗಗಳನ್ನೇ ಹೆಚ್ಚು ನೋಡಿದೆ. ಅಕ್ಟೋಬರ್‌ನ ಒಂದು ಭಾನುವಾರ, ಬಾಡಿಗೆ ಸೈಕಲ್, ಬೋರ್ಡೊ ಬದಿಯ ಮೆಡಾಕ್‌ನ ನೇರ ರಸ್ತೆ, ಎರಡೂ ಬದಿಗೆ ಬಾಚಣಿಗೆಯಿಂದ ಬಾಚಿದಂಥ ಬಳ್ಳಿಸಾಲು. ಹೆಸರು ಕೇಳಿದ್ದ ಶಾಟೋಗಳು, ಅಂದರೆ ವೈನ್ ತೋಟದ ಮನೆಗಳು, ಒಂದರ ಹಿಂದೆ ಒಂದು ಬಂದವು, ಪ್ರತಿಯೊಂದರ ಗೇಟೂ ಮುಚ್ಚಿತ್ತು. ನಾಲ್ಕನೆಯ ಕಡೆ ಟ್ರ್ಯಾಕ್ಟರ್ ತೊಳೆಯುತ್ತಿದ್ದವನೊಬ್ಬ ಕೈ ಒರೆಸಿಕೊಳ್ಳುತ್ತ ಬಂದು, ಬುಕ್ ಮಾಡಿದ್ದೀರಾ ಅಂತ ಕೇಳಿದ. ಇಲ್ಲ ಅಂದೆ. ಕೊಯ್ಲು ಈಗಷ್ಟೇ ಮುಗಿದಿದೆ, ತೊಟ್ಟಿಗಳಲ್ಲಿ ರಸ ಹುದುಗುತ್ತಿದೆ, ಯಾರಿಗೂ ಪುರುಸೊತ್ತಿಲ್ಲ ಎಂದು ಹೇಳಿ ಮತ್ತೆ ಪೈಪು ಕೈಗೆತ್ತಿಕೊಂಡ.

ತಪ್ಪು ನನ್ನದೇ. ಮ್ಯೂಸಿಯಂಗೆ ಹೋಗುವವನ ಹಾಗೆ ಹೋಗಿದ್ದೆ. ಅದು ಬೇಸಾಯದ ಊರು ಅನ್ನುವುದು ತಲೆಗೇ ಹೊಳೆದಿರಲಿಲ್ಲ. ಆಮೇಲಿನ ಪ್ರವಾಸಗಳನ್ನೆಲ್ಲ ರೈತನ ಕ್ಯಾಲೆಂಡರ್ ನೋಡಿಕೊಂಡೇ ಹಾಕಿಕೊಂಡೆ, ಹಾಗಾಗಿ ಅಷ್ಟು ಪೆಟ್ಟು ತಿನ್ನಲಿಲ್ಲ. ಯುರೋಪಿನಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲು. ಅದನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ತಿಂಗಳುಗಳ ಮುಂಚೆಯೇ ಬರೆದು ಕೇಳಿ. ಇಲ್ಲವಾದರೆ ಮೇ, ಜೂನ್ ಒಳ್ಳೆಯದು: ಬಳ್ಳಿ ಹಸಿರಾಗಿರುತ್ತದೆ, ಮಾಲೀಕರಿಗೆ ಮಾತಾಡುವ ಸಮಯ ಇರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಎಲ್ಲ ತಿರುಗುಮುರುಗು. ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್, ಅರ್ಜೆಂಟೀನಾದ ಮೆಂಡೋಝಾಗಳಲ್ಲಿ ಫೆಬ್ರವರಿ, ಮಾರ್ಚ್‌ಗೆ ಬುಟ್ಟಿ ತುಂಬುತ್ತದೆ.

ಬೋರ್ಡೊ ವಿಚಾರ ಇಷ್ಟಕ್ಕೇ ಮುಗಿಸುತ್ತೇನೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ವೈನ್ ದಲ್ಲಾಳಿಗಳು ಆಗಿನ ಬೆಲೆ ನೋಡಿ ಮಾಡಿದ ಶಾಟೋಗಳ ದರ್ಜೆಪಟ್ಟಿಯೇ ಇವತ್ತಿಗೂ ಮೆಡಾಕ್‌ನಲ್ಲಿ ನಡೆಯುತ್ತಿದೆ. ದೊಡ್ಡ ಬದಲಾವಣೆ ಅಂತ ಆದದ್ದು 1973ರಲ್ಲಿ, ಶಾಟೋ ಮೂಟೋನ್ ರೋಥ್‌ಶೀಲ್ಡ್ ಮೊದಲ ದರ್ಜೆಗೆ ಏರಿದಾಗ. ಆ ಪಟ್ಟಿ ಹಿಡಿದುಕೊಂಡು ಗೇಟು ಎಣಿಸಬೇಡಿ. ರೈಲು ಹತ್ತಿ ಸೇಂಟ್ ಎಮಿಲಿಯನ್‌ಗೆ ಹೋಗಿ. ನಿಲ್ದಾಣದಿಂದ ಊರಿಗೆ ಒಂದೂವರೆ ಕಿಲೋಮೀಟರ್, ದಾರಿಯುದ್ದಕ್ಕೂ ತೋಟ. ಊರಿನ ಅಡಿಯಲ್ಲೆಲ್ಲ ಸುಣ್ಣಕಲ್ಲಿನ ಹಳೆಯ ಗಣಿಗಳು, ಒಂದೇ ಬಂಡೆ ಕೊರೆದು ಮಾಡಿದ ಚರ್ಚು, ಗಣಿಯೊಳಗೇ ಪೀಪಾಯಿ ಇಟ್ಟ ನೆಲಮಾಳಿಗೆಗಳು. ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ, ಕೆಳಗೆ ಚಳಿ.

ಇನ್ನೊಂದು ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕಡೆ ಐದು ಬಗೆಯ ವೈನ್ ರುಚಿಗೆ ಕೊಡುತ್ತಾರೆ, ಒಂದೊಂದೂ ಸುಮಾರು 50 ಮಿ.ಲೀ. ಅಲ್ಲಿಗೆ 250 ಮಿ.ಲೀ., ಅಂದರೆ ಬಾಟಲಿಯ ಮೂರನೆಯ ಒಂದು ಪಾಲು. ದಿನಕ್ಕೆ ಮೂರು ಕಡೆ ಹೋದರೆ ಒಂದು ಪೂರ್ತಿ ಬಾಟಲಿ ಹೊಟ್ಟೆಗಿಳಿದಿರುತ್ತದೆ, ಮೂರನೆಯ ಜಾಗದಲ್ಲಿ ಏನು ಕುಡಿದೆ ಅನ್ನುವುದು ನೆನಪಿರುವುದಿಲ್ಲ. ಮೇಜಿನ ಮೇಲೆ ಪೀಕದಾನಿ ಇಟ್ಟಿರುವುದು ಅಲಂಕಾರಕ್ಕಲ್ಲ. ಉಗುಳಿದರೆ ಮರ್ಯಾದೆಗೆಟ್ಟ ಕೆಲಸ ಅಂತ ಯಾರೂ ಅಂದುಕೊಳ್ಳುವುದಿಲ್ಲ. ವೃತ್ತಿಯವರೆಲ್ಲ ಉಗುಳುತ್ತಾರೆ. ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು, ಇಷ್ಟೇ ನನ್ನ ಮಿತಿ. ಕಾರು ಓಡಿಸುವವರು ರುಚಿಯನ್ನೂ ನೋಡಬಾರದು ಅನ್ನುವುದು ನನ್ನ ಅಭಿಪ್ರಾಯ. ಫ್ರಾನ್ಸ್, ಜರ್ಮನಿ, ಪೋರ್ಚುಗಲ್‌ಗಳಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್ ಮಿತಿ, ಅದನ್ನು ದಾಟಲು ಹೆಚ್ಚೇನೂ ಬೇಕಿಲ್ಲ. ಹಾಗಾಗಿ ರೈಲು, ಬಸ್ಸು, ಸೈಕಲ್ ದಾರಿ ಇರುವ ಪ್ರದೇಶಗಳನ್ನೇ ಆರಿಸಿಕೊಳ್ಳಿ.

ಆ ದೃಷ್ಟಿಯಿಂದ ಮೊದಲ ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ ಜರ್ಮನಿಯ ಮೋಸೆಲ್ ಕಣಿವೆ. ನದಿಯ ಪಕ್ಕದಲ್ಲೇ ಸೈಕಲ್ ದಾರಿ, ಊರಿಂದೂರಿಗೆ ದೋಣಿ. ಬ್ರೆಮ್ ಹಳ್ಳಿಯ ಕಾಲ್ಮಾಂಟ್ ಇಳಿಜಾರು ಸುಮಾರು 65 ಡಿಗ್ರಿ, ಟ್ರ್ಯಾಕ್ಟರ್ ಕನಸಿನ ಮಾತು. ಒಂದೇ ಕಂಬಿಯ ಮೇಲೆ ಹಲ್ಲುಚಕ್ರದ ಪುಟ್ಟ ಗಾಡಿಯಲ್ಲಿ ಕೂತು ಕೆಲಸದವರು ಗುಡ್ಡ ಹತ್ತುತ್ತಾರೆ, ಕೆಳಗಿನಿಂದ ನೋಡುವವರಿಗೇ ತಲೆ ಸುತ್ತು ಬರಬೇಕು. ಹಗಲಿನ ಬಿಸಿಲನ್ನು ಹೀರಿಕೊಂಡ ಸ್ಲೇಟು ಕಲ್ಲು ರಾತ್ರಿ ಬಳ್ಳಿಗೆ ಕಾವು ಕೊಡುತ್ತದೆ, ಅದಿಲ್ಲದೆ ಆ ಚಳಿಯ ನಾಡಿನಲ್ಲಿ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುವುದು ಕಷ್ಟ. ಮನೆ ಬಾಗಿಲಿಗೆ ಪೊರಕೆಯನ್ನೋ ಎಲೆಗಳ ಹಾರವನ್ನೋ ತೂಗುಹಾಕಿದ್ದರೆ ಸೀದಾ ಒಳಗೆ ಹೋಗಿ. ಅದು ಸ್ಟ್ರೌಸ್‌ವಿರ್ಟ್‌ಶಾಫ್ಟ್. ಬೆಳೆಗಾರರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ತಮ್ಮದೇ ವೈನನ್ನು ಮನೆಯಂಗಳದಲ್ಲಿ ಮಾರುವ ಪದ್ಧತಿ. ಸಿಹಿ ಬೇಡದವರು ಲೇಬಲ್‌ನಲ್ಲಿ 'ಟ್ರೋಕನ್' ಅನ್ನುವ ಪದ ಹುಡುಕಿ. ನಾನು ಸಿಹಿಯನ್ನು ಕೀಳಾಗಿ ನೋಡುತ್ತಿದ್ದವನು, ಮೋಸೆಲ್ಲಿನ ಕಾಬಿನೆಟ್ ಎಂಬ ಹಗುರ ಹುಳಿಸಿಹಿ ವೈನ್ ಆ ಜಂಬ ಇಳಿಸಿತು.

ಪೋರ್ಚುಗಲ್ಲಿನ ಡೋರು ಕಣಿವೆಗೆ ಪೋರ್ಟೊದಿಂದ ರೈಲಿದೆ, ಪಿನ್ಯಾವ್‌ವರೆಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಮೊದಲ ಒಂದು ಗಂಟೆ ಅಂಥದ್ದೇನೂ ಇಲ್ಲ, ಆಮೇಲೆ ಹಳಿ ನದಿಯ ಅಂಚಿಗೇ ಇಳಿಯುತ್ತದೆ, ಇಳಿದದ್ದು ಬಿಡುವುದಿಲ್ಲ. ಗುಡ್ಡಗಳಿಗೆ ಬುಡದಿಂದ ತುದಿಯವರೆಗೆ ಕಲ್ಲುಗೋಡೆಯ ಮೆಟ್ಟಿಲು ಕಟ್ಟಿದ್ದಾರೆ. ಮಣ್ಣು ಅನ್ನುವುದೇ ಇಲ್ಲ, ಬರೀ ಪದರಪದರದ ಶಿಸ್ಟ್ ಕಲ್ಲು, ಅದರ ಬಿರುಕಲ್ಲಿ ಬೇರು ಇಳಿದಿರುತ್ತದೆ. 1756ರಲ್ಲಿ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ ಮಾರ್ಕ್ವಿಸ್ ವೈನಿಗಾಗಿ ಗಡಿ ಗುರುತಿಸಿದ ನಾಡು ಇದು. ಪಿನ್ಯಾವ್ ನಿಲ್ದಾಣದ ಗೋಡೆಯ ನೀಲಿ ಹೆಂಚುಗಳಲ್ಲಿ ಕೊಯ್ಲಿನ ಚಿತ್ರಗಳಿವೆ, ಅಲ್ಲಿಂದ ನಡೆದೇ ತಲುಪುವಷ್ಟು ಹತ್ತಿರ ತೋಟಗಳಿವೆ.

ಒಂದು ತೋಟದಲ್ಲಿ ಲಗಾರ್ ನೋಡಿದೆ: ಗ್ರಾನೈಟಿನ ಅಗಲ ತೊಟ್ಟಿ, ಅಂಚು ಕೈ ಸವೆಸಿ ನುಣ್ಣಗಾಗಿತ್ತು. ಯಂತ್ರಗಳಿರುವಾಗ ಕಾಲಲ್ಲಿ ಯಾಕೆ ತುಳಿಯುತ್ತೀರಿ, ಪ್ರವಾಸಿಗರಿಗಾಗಿಯೇ ಅಂತ ಕೇಳಿದೆ. ಅಲ್ಲವಂತೆ. ಪೋರ್ಟ್ ವೈನಿನ ರಸವನ್ನು ಎರಡು ಮೂರು ದಿನವಷ್ಟೇ ಹುದುಗಲು ಬಿಟ್ಟು, ಸಕ್ಕರೆ ಇನ್ನೂ ಉಳಿದಿರುವಾಗಲೇ ಶೇ. 77 ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿದು ನಿಲ್ಲಿಸಿಬಿಡುತ್ತಾರೆ. ಅಷ್ಟರೊಳಗೆ ಸಿಪ್ಪೆಯ ಬಣ್ಣವೂ ಒಗರೂ ರಸಕ್ಕೆ ಇಳಿದಿರಬೇಕು. ಪಾದ ಸಿಪ್ಪೆಯನ್ನು ಹಿಂಡುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ಕಹಿ. ಅದೇ ಕೆಲಸ ಮಾಡುವ ಯಂತ್ರಪಾದಗಳೂ ಈಗ ಬಂದಿವೆ. ಪೋರ್ಟೊಗೆ ಮರಳಿದಾಗ ನದಿಯಾಚೆಯ ಗಾಯಾದ ಉಗ್ರಾಣಗಳಲ್ಲಿ ಎಳೆಯ ಪೋರ್ಟ್ ಆದ ರೂಬಿಯನ್ನೂ ಪೀಪಾಯಿಯಲ್ಲಿ 20 ವರ್ಷ ಮಾಗಿದ ಟೋನಿಯನ್ನೂ ಅಕ್ಕಪಕ್ಕ ಇಡಿಸಿಕೊಂಡು ಕುಡಿಯಿರಿ. ಒಂದು ಕೆಂಪು, ಒಂದು ಜೇನಿನ ಬಣ್ಣ. ಪೀಪಾಯಿ ಏನು ಮಾಡುತ್ತದೆ ಅನ್ನುವುದಕ್ಕೆ ಬೇರೆ ಪಾಠ ಬೇಕಿಲ್ಲ. ಆದರೆ ಇದು ಶೇ. 20ರ ಆಸುಪಾಸಿನದು, ಗುಟುಕು ಸಣ್ಣದಿರಲಿ.

ಡೋರುವಿನಲ್ಲಿ ನಾನು ಮಾಡಿದ ಎಡವಟ್ಟು: ಬರುವ ರೈಲಿನ ಸಮಯ ನೋಡಿದೆ, ಹೋಗುವುದರದ್ದು ನೋಡಲಿಲ್ಲ. ಸಂಜೆಯ ರೈಲು ಕಣ್ಣೆದುರೇ ಹೊರಟಿತು, ಟ್ಯಾಕ್ಸಿ ಸಿಗಲಿಲ್ಲ, ಆ ರಾತ್ರಿ ಒಂದು ಕೋಣೆ ಸಿಕ್ಕಿದ್ದು ಪುಣ್ಯ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ಆ ತಿಂಗಳುಗಳನ್ನು ಬಿಟ್ಟುಬಿಡಿ.

ಇಷ್ಟೆಲ್ಲ ಸುತ್ತಿದ ಮೇಲೂ ಒಂದೇ ಕಡೆ ಮತ್ತೆ ಹೋಗು ಅಂದರೆ ನಾನು ಜಾರ್ಜಿಯಾದ ಕಖೇತಿಗೆ ಹೋಗುತ್ತೇನೆ. ಟಿಬಿಲಿಸಿಯಿಂದ ಸುಮಾರು ಎರಡು ಗಂಟೆಯ ದಾರಿ, ಮಾರ್ಶ್ರುಟ್ಕಾ ಎಂಬ ಮಿನಿಬಸ್ಸುಗಳು ಓಡುತ್ತವೆ. ಆದರೆ ಹಳ್ಳಿಯಿಂದ ಹಳ್ಳಿಗೆ ತಿರುಗಲು ಡ್ರೈವರ್ ಇರುವ ಕಾರೇ ಅನುಕೂಲ. ಅಲ್ಲಿ ಹಳೆಯ ಪದ್ಧತಿಯ ವೈನು ಆಗುವುದು ಕ್ವೆವ್ರಿಯಲ್ಲಿ, ಅಂದರೆ ಕುತ್ತಿಗೆವರೆಗೆ ನೆಲದಲ್ಲಿ ಹೂತ ಮಣ್ಣಿನ ಗುಡಾಣದಲ್ಲಿ. ಬಿಳಿ ದ್ರಾಕ್ಷಿಯನ್ನೂ ಸಿಪ್ಪೆ, ಬೀಜ, ತೊಟ್ಟಿನ ಸಮೇತ ತಿಂಗಳುಗಟ್ಟಲೆ ಒಳಗೇ ಬಿಡುತ್ತಾರೆ, ಹಾಗಾಗಿ ಬಣ್ಣ ಕಿತ್ತಳೆಗೆ ತಿರುಗುತ್ತದೆ, ನಾಲಿಗೆಗೆ ಗಟ್ಟಿ ಒಗರು ಹತ್ತುತ್ತದೆ. ಸುಮಾರು 8,000 ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ವೈನಿನ ಗುರುತು ಸಿಕ್ಕಿರುವುದು ಈ ದೇಶದಲ್ಲೇ. ನಾನು ಉಳಿದುಕೊಂಡ ಮನೆಯಲ್ಲಿ ಖಾಲಿ ಗುಡಾಣ ತೊಳೆಯುತ್ತಿದ್ದರು. ಉದ್ದ ಕೋಲಿನ ತುದಿಗೆ ಚೆರ್ರಿ ಮರದ ತೊಗಟೆಯನ್ನು ಪದರಪದರವಾಗಿ ಕಟ್ಟಿದ ಬ್ರಷ್ಷು. ಯಜಮಾನರು ಉಜ್ಜಿ ನೀರು ಮೊಗೆದು ಮೂಸಿದರು, ಚೆಲ್ಲಿದರು, ಮತ್ತೆ ಉಜ್ಜಿದರು. ಐದನೆಯ ಸಲವೂ ಅವರ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ.

ರಾತ್ರಿ ಊಟಕ್ಕೆ ಕರೆದರೆ ಅದು ಸುಪ್ರಾ, ತಮದಾ ಎಂಬ ಹಿರಿಯರು ನಡೆಸಿಕೊಡುವ ಕೂಟ. ಅವರ ಮಾತು ಮುಗಿಯುವವರೆಗೆ ಗ್ಲಾಸಿಗೆ ತುಟಿ ಹಚ್ಚಬೇಡಿ. ಮಾತು ಉದ್ದವಿರುತ್ತದೆ, ಅದು ನಿಮ್ಮ ಒಳ್ಳೆಯದಕ್ಕೇ. ಮರುದಿನ ಬೆಳಿಗ್ಗೆ ಏನನ್ನೂ ಇಟ್ಟುಕೊಳ್ಳಬೇಡಿ.

ಸಾಗಿಸುವ ಮಾತು. ತುಂಬಿದ ಬಾಟಲಿ ಒಂದೂಕಾಲು ಕೆಜಿ ಮೇಲೇ ತೂಗುತ್ತದೆ, ನಾಲ್ಕು ಇಟ್ಟರೆ ಲಗೇಜಿನ ಲೆಕ್ಕ ತಪ್ಪುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ. ನಿಮ್ಮ ದೇಶದ ಸುಂಕವಿಲ್ಲದ ಮಿತಿ ಎಷ್ಟೆಂದು ಹೊರಡುವ ಮೊದಲೇ ನೋಡಿಕೊಳ್ಳಿ. ಶೇ. 24ಕ್ಕಿಂತ ಕಡಿಮೆ ಆಲ್ಕೋಹಾಲ್ ಇರುವುದಕ್ಕೆ ವಿಮಾನ ಸುರಕ್ಷತೆಯ ಮಿತಿ ಇಲ್ಲ. ಅದಕ್ಕಿಂತ ಹೆಚ್ಚಿದ್ದರೆ, ಶೇ. 70ರವರೆಗೆ, ಒಬ್ಬರಿಗೆ ಐದು ಲೀಟರ್, ಅದೂ ಅಂಗಡಿಯ ಸೀಲು ಒಡೆಯದ ಬಾಟಲಿಯಲ್ಲಿ. ಕಖೇತಿಯ ಮನೆಯವರು ಹೊರಡುವಾಗ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಮನೆಯಲ್ಲೇ ಬಟ್ಟಿ ಇಳಿಸಿದ ಚಾಚಾ ಎಂಬ ದ್ರಾಕ್ಷಿ ಸಾರಾಯಿ ತುಂಬಿ ಕೈಗಿತ್ತರು. ಬೇಡ ಅನ್ನಲಾಗಲಿಲ್ಲ. ಅದು ಡ್ರೈವರ್ ಪಾಲಾಯಿತು. ಸಂಜೆ ಮನೆಗೆ ಹೋದ ಮೇಲೆ ಮುಚ್ಚಳ ತೆಗೆಯಿರಿ ಅಂದೆ, ನಕ್ಕು ಡಿಕ್ಕಿಯಲ್ಲಿಟ್ಟ.