ಇಂಗ್ಲೆಂಡಿನ ತಕ್ಕಡಿ ಇನ್‌ಸ್ಪೆಕ್ಟರುಗಳು ಎಲ್ಲಿ ಹೋದರು?

"ನಿಮಗೇನಣ್ಣ, ಅಲ್ಲಿ ಅಂಗಡಿಯವನು ಮೋಸ ಮಾಡಿದ್ರೆ ಒಂದು ಫೋನ್ ಸಾಕು. ಇಲ್ಲಿ ನಾವು ಯಾರನ್ನ ಕೇಳೋಣ?"

ಆಲೂರು ಕಡೆ ಇರುವ ನನ್ನ ಚಿಕ್ಕಪ್ಪನ ಮಗನ ಮಾತಿದು. ಅವನ ಸಂಕಟ ಬಿತ್ತನೆ ಆಲೂಗಡ್ಡೆಯದು. ಪಂಜಾಬಿನ ಜಲಂಧರ್ ಗಡ್ಡೆ ಅಂತ ಹಾಸನದಲ್ಲಿ ಕೊಂಡು ತಂದು ನಾಟಿ ಮಾಡಿದ್ದಾನೆ. ಅರ್ಧಕ್ಕರ್ಧ ಮೇಲೇಳಲೇ ಇಲ್ಲ. ಮಾರಿದವರನ್ನು ಕೇಳಿದರೆ ಮಳೆ ಜಾಸ್ತಿಯಾಯ್ತು, ನೀವು ಗಡ್ಡೆ ಕೊಯ್ದದ್ದು ಸರಿಯಿಲ್ಲ, ಔಷಧಿ ಹಾಕಿಲ್ಲ ಅಂತ ಹತ್ತು ಮಾತು. ಇಂಗ್ಲೆಂಡಿನಲ್ಲಿ ಕೂತ ನನಗೆ ಇಂಥದ್ದೆಲ್ಲ ಚಿಟಿಕೆ ಹೊಡೆದಂತೆ ಬಗೆಹರಿಯುತ್ತದೆ ಅಂತ ಅವನ ನಂಬಿಕೆ. ಊರಿನಲ್ಲಿ ಬಹಳ ಜನರ ನಂಬಿಕೆಯೂ ಅದೇ ಇರುವುದರಿಂದ ಇಲ್ಲಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಬೀದಿಯ ಒಂಟಿ ಅಜ್ಜಿಯೊಬ್ಬರ ಮನೆ ಬಾಗಿಲಿಗೆ ಇಬ್ಬರು ಬಂದು, ನಿಮ್ಮ ಮಾಡಿನ ಹೆಂಚು ಸರಿದಿದೆ, ಇವತ್ತೇ ಸರಿ ಮಾಡಿಕೊಡುತ್ತೇವೆ ಅಂದರು. ಏಣಿ ಹಾಕಿ ಮೇಲೆ ಹತ್ತಿ, ಇದ್ದ ಹೆಂಚೂ ಅಲುಗಾಡಿಸಿ, ನಗದು ತೆಗೆದುಕೊಂಡು ಹೋದರು. ಇಲ್ಲಿ ಕಾನೂನಿಗೇನೂ ಬರವಿಲ್ಲ. ಮನೆ ಬಾಗಿಲಲ್ಲಿ ಆದ ಒಪ್ಪಂದವನ್ನು 14 ದಿನದೊಳಗೆ ರದ್ದು ಮಾಡಬಹುದು ಅಂತ 2013ರ ನಿಯಮವಿದೆ. ಕೆಟ್ಟ ಸಾಮಾನನ್ನು 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು ಅಂತ 2015ರ ಗ್ರಾಹಕ ಹಕ್ಕು ಕಾಯ್ದೆಯಿದೆ. ಅಜ್ಜಿಯ ಪರವಾಗಿ ನಾನೇ ಸಹಾಯವಾಣಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗಿ ತುಂಬ ಸಮಾಧಾನದಿಂದ ಕೇಳಿಸಿಕೊಂಡು, ಒಂದು ನಂಬರ್ ಕೊಟ್ಟು, ವಿಷಯವನ್ನು ಕೌನ್ಸಿಲ್‌ಗೆ ತಿಳಿಸುತ್ತೇವೆ, ಅವರು ನಿಮ್ಮನ್ನು ಸಂಪರ್ಕಿಸಲೇಬೇಕೆಂದಿಲ್ಲ ಅಂದಳು. ಯಾರೂ ಸಂಪರ್ಕಿಸಲೂ ಇಲ್ಲ.

ಇಲ್ಲಿ ಗ್ರಾಹಕರ ಕೆಲಸ ನೋಡುವುದು ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಎಂಬ ವಿಭಾಗ. ಅದು ನಮ್ಮ ನಗರಸಭೆ, ಜಿಲ್ಲಾ ಪಂಚಾಯಿತಿಯಂಥ ಸ್ಥಳೀಯ ಕೌನ್ಸಿಲ್‌ಗಳ ಕೈಕೆಳಗಿದೆ. ಮೂಲತಃ ಇವರು ತೂಕ–ಅಳತೆಯ ಇನ್‌ಸ್ಪೆಕ್ಟರುಗಳು. ಆ ವೃತ್ತಿಯಲ್ಲಿದ್ದು ನಿವೃತ್ತರಾದ ಪರಿಚಯದವರೊಬ್ಬರು ಹೇಳುವ ಪ್ರಕಾರ, ಹಿಂದೆ ಅವರು ಹೇಳದೆ ಕೇಳದೆ ಪೆಟ್ರೋಲ್ ಬಂಕಿಗೆ ಹೋಗಿ ಅಳತೆ ಪಾತ್ರೆಗೆ ಪೆಟ್ರೋಲ್ ಹಿಡಿಯುತ್ತಿದ್ದರು, ಕಟುಕರ ಅಂಗಡಿಯ ತಕ್ಕಡಿ ಮೇಲೆ ತಮ್ಮ ಬಟ್ಟು ಇಡುತ್ತಿದ್ದರು. ಈಗ ದೂರುಗಳ ರಾಶಿಯಲ್ಲಿ ಯಾವುದು ಹೆಚ್ಚು ಅಪಾಯದ್ದು ಅಂತ ಆರಿಸಿಕೊಂಡು ಅದೊಂದಕ್ಕೆ ಹೋಗುವುದು. ನಕಲಿ ಸಿಗರೇಟು, ಸುರಕ್ಷಿತವಲ್ಲದ ಆಟಿಕೆ, ಮಕ್ಕಳಿಗೆ ವೇಪ್ ಅಂದರೆ ಇ-ಸಿಗರೇಟು ಮಾರುವವರು, ಎಲ್ಲ ಇವರ ತಲೆಗೇ. 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್ ಮಾರಾಟ ನಿಷೇಧವಾಯಿತಲ್ಲ, ಅದನ್ನು ಜಾರಿ ಮಾಡುವ ಹೊಣೆಯೂ ಇವರದೇ.

ಜನ ಎಷ್ಟಿದ್ದಾರೆ? ಇಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2016ರಲ್ಲಿ ಒಂದು ವರದಿ ಕೊಟ್ಟಿತು. 2009ರಿಂದೀಚೆಗೆ ಈ ವಿಭಾಗದ ಸಿಬ್ಬಂದಿ ಶೇ 56ರಷ್ಟು ಕಡಿಮೆಯಾಗಿದ್ದರು. ಕಾರಣ ಸರಳ. ಕೇಂದ್ರ ಸರ್ಕಾರ ಕೌನ್ಸಿಲ್‌ಗಳ ಅನುದಾನ ಕಡಿತ ಮಾಡಿತು. ವೃದ್ಧರ ಆರೈಕೆ, ಅನಾಥ ಮಕ್ಕಳ ಪಾಲನೆ ಇಂಥವನ್ನು ಕೈಬಿಡುವಂತಿಲ್ಲ, ಅವುಗಳ ಖರ್ಚು ವರ್ಷ ವರ್ಷ ಏರುತ್ತದೆ. ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ನಡೆಸಬೇಕೆಂದೂ ಕಾನೂನಿದೆ, ಆದರೆ ಇಂತಿಷ್ಟು ಮಂದಿ ಇರಲೇಬೇಕು ಅಂತ ಇಲ್ಲ. ಕಸದ ಗಾಡಿ ಒಂದು ವಾರ ಬರದಿದ್ದರೆ ಊರೆಲ್ಲ ಬೊಬ್ಬೆ ಹಾಕುತ್ತದೆ. ತಕ್ಕಡಿ ಐವತ್ತು ಗ್ರಾಂ ಕಡಿಮೆ ತೂಗಿದರೆ ಮನೆಗೆ ಹೋದವನಿಗೂ ಗೊತ್ತಾಗುವುದಿಲ್ಲ. ಯಾರ ಸದ್ದೂ ಇಲ್ಲದ ಕಡೆ ಕತ್ತರಿ ಹಾಕುವುದು ಯಾವ ದೇಶದ ಹಣಕಾಸು ಅಧಿಕಾರಿಗಾದರೂ ಸುಲಭವೇ.

ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಿ, ಒಂದು ಲೆಕ್ಕದಲ್ಲಿ ನೀನೇ ವಾಸಿ ಕಣೋ ಅಂದೆ. ಅವನು ನಂಬಲಿಲ್ಲ. ಆದರೆ ನಿಜ. ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ನವರು ಒಬ್ಬೊಬ್ಬರ ಹಣ ವಾಪಸ್ ಕೊಡಿಸುವ ಕೆಲಸಕ್ಕೆ ಇರುವವರಲ್ಲ, ಅದಕ್ಕೆ ಅಜ್ಜಿ ತಾನೇ ಸಣ್ಣ ದಾವೆ ಹೂಡಬೇಕು. ಹಾಸನದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ರೈತ ಬೀಜ ಕೊಂಡರೆ ಅವನೂ ಗ್ರಾಹಕನೇ ಅಂತ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಪರೀಕ್ಷೆಗೆ ಅಂತ ರೈತ ಬೀಜ ಎತ್ತಿಡಬೇಕು ಎಂದು ನಿರೀಕ್ಷಿಸುವುದು ಸರಿಯಲ್ಲ ಅಂತಲೂ ಹೇಳಿದೆ.

ನಮ್ಮ ತೊಡಕು ಬೇರೆ ಕಡೆ ಇದೆ. ಜಿಲ್ಲಾ ಆಯೋಗದಲ್ಲಿ ಒಬ್ಬ ಅಧ್ಯಕ್ಷರು, ಕನಿಷ್ಠ ಇಬ್ಬರು ಸದಸ್ಯರು ಇರಬೇಕು. ಅಧ್ಯಕ್ಷರ ಜೊತೆ ಒಬ್ಬ ಸದಸ್ಯರಾದರೂ ಕೂತರೇ ಕಲಾಪ ನಡೆಯುವುದು. ಒಂದು ಕುರ್ಚಿ ಖಾಲಿಯಾದರೆ ಬೇರೆ ಜಿಲ್ಲೆಯವರಿಗೆ ಪ್ರಭಾರ ಕೊಡಬಹುದು, ಆಗ ಅವರ ವಾರದ ದಿನಗಳು ಎರಡು ಊರಿಗೆ ಹರಿದು ಹಂಚಿಹೋಗುತ್ತವೆ. ಅವಧಿ ಇಂತಿಷ್ಟು ವರ್ಷ ಅಂತ ಮೊದಲೇ ನಿಗದಿಯಾಗಿರುತ್ತದೆ. ಯಾವ ತಿಂಗಳು ಯಾರು ಇಳಿಯುತ್ತಾರೆ ಅನ್ನುವುದು ಕೂತ ದಿನವೇ ಗೊತ್ತಿರುತ್ತದೆ, ಆದರೂ ನೇಮಕ ಸಕಾಲಕ್ಕೆ ಆಗದೆ ಹುದ್ದೆಗಳು ಖಾಲಿ ಬೀಳುತ್ತವೆ. 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು ಎಲ್ಲ ರಾಜ್ಯಗಳಿಗೂ ಚಾಟಿ ಬೀಸಬೇಕಾಯಿತು. ಎದುರಾಳಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ತೀರ್ಮಾನ ಮಾಡಲು ಪ್ರಯತ್ನಿಸಬೇಕು, ಪರೀಕ್ಷೆ ಬೇಕಾದರೆ ಐದು ತಿಂಗಳು ಅನ್ನುತ್ತದೆ ಕಾಯ್ದೆ. ಕೂರುವವರಿಲ್ಲದಿದ್ದರೆ ಆ ಸಾಲು ಬರೀ ಶಾಯಿ.

ಆಲೂಗಡ್ಡೆಯ ವಿಷಯದಲ್ಲಿ ಸಿಬ್ಬಂದಿ ಕೊರತೆ ಅಂದರೆ ತಡ ಮಾತ್ರವಲ್ಲ, ಸಾಕ್ಷಿಯೇ ಹೋಗುವುದು. ಮನೆಯ ಫ್ರಿಜ್ ಕೆಟ್ಟರೆ ಮುಂದಿನ ವರ್ಷವೂ ಅದು ಕೆಟ್ಟೇ ಇರುತ್ತದೆ, ತೋರಿಸಬಹುದು. ಹೊಲದಲ್ಲಿ ಗಡ್ಡೆ ಕೊಳೆತದ್ದು ಬಿತ್ತನೆಯ ದೋಷದಿಂದಲೋ, ಅಂಗಮಾರಿಯಿಂದಲೋ, ನೀರು ನಿಂತೋ ಅನ್ನುವುದನ್ನು ಬೆಳೆ ನೆಲದಲ್ಲಿರುವಾಗಲೇ ತಿಳಿದವರು ಬಂದು ನೋಡಿ ಬರೆಯಬೇಕು. ತೋಟಗಾರಿಕೆ ಇಲಾಖೆಯ ಒಬ್ಬ ಅಧಿಕಾರಿಗೆ ನಾಲ್ಕು ಜನರ ಕೆಲಸ ಹೊರಿಸಿದ್ದರೆ ಆತ ಬರುವ ಹೊತ್ತಿಗೆ ರೈತ ಹೊಲ ಅಳಿಸಿ ಜೋಳ ಹಾಕಿರುತ್ತಾನೆ. ಹಾಕದೆ ಏನು ಮಾಡಿಯಾನು, ಮುಂಗಾರು ಕಾಯುತ್ತದೆಯೇ? ಮುಂದೆ ಆಯೋಗದಲ್ಲಿ ಎಷ್ಟೇ ಒಳ್ಳೆಯ ನ್ಯಾಯಾಧೀಶರು ಕೂತಿದ್ದರೂ ಅವರ ಮುಂದೆ ಇರುವುದು ಬಾಯಿ ಮಾತು.

ಹಾಗಾಗಿ ತಮ್ಮನಿಗೆ ಹೇಳಿದ ಮೊದಲ ಮಾತು, ಇವತ್ತೇ ತೋಟಗಾರಿಕೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ತಗೋ, ಪಕ್ಕದ ಹೊಲದವರನ್ನೂ ಕರ್ಕೊಂಡು ಹೋಗು, ಹೊಲದ ಫೋಟೊ ತೆಗೆದಿಡು. "ಬಿಲ್ ಇದೆಯಾ?" ಅಂದೆ. "ಚೀಟಿ ಇದೆ. ಗಡ್ಡೆ ಅಂತ ಬರೆದು ಮೂಟೆ ಲೆಕ್ಕ ಹಾಕವ್ರೆ" ಅಂದ. ತಳಿಯ ಹೆಸರಿಲ್ಲ, ಬಿತ್ತನೆಗೆ ಅಂತಲೂ ಇಲ್ಲ. ತಿನ್ನುವ ಗಡ್ಡೆ ಕೊಟ್ಟೆವು ಅಂತ ನಾಳೆ ಅವರು ಹೇಳಿದರೆ ಕಷ್ಟ, ಆದರೆ ಮೂಟೆಯ ಮೇಲಿನ ಗುರುತು, ವಾಟ್ಸಾಪಿನಲ್ಲಿ ಆದ ಮಾತು, ಜೊತೆಗೆ ಕೊಂಡವರು ಇದ್ದಾರಲ್ಲ, ಅದನ್ನೆಲ್ಲ ಸೇರಿಸಿ ದೂರು ಹಾಕು ಅಂದಿದ್ದೇನೆ. ಎರಡು ವರ್ಷದೊಳಗೆ ಹಾಕಿದರಾಯಿತು.

ಇನ್ನೊಂದು ಕೆಲಸವನ್ನೂ ಅಂಟಿಸಿದ್ದೇನೆ. ಇಲ್ಲಿ ಸಿಬ್ಬಂದಿ ಎಷ್ಟು ಕಮ್ಮಿಯಾದರು ಅಂತ ಲೆಕ್ಕಪರಿಶೋಧಕರು ಎಣಿಸಿ ಪಾರ್ಲಿಮೆಂಟಿನ ಮುಂದಿಟ್ಟರು. ಊರಿನಲ್ಲಿ ಅದಕ್ಕೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಜಿಲ್ಲಾ ಆಯೋಗ, ತೂಕ–ಅಳತೆ ಇಲಾಖೆ, ತೋಟಗಾರಿಕೆ ಇಲಾಖೆ, ಮೂರಕ್ಕೂ ಒಂದೇ ಪ್ರಶ್ನೆ: ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಯಾವ ತಾರೀಕಿನಿಂದ ಖಾಲಿ? ಉತ್ತರ ಬಂದರೆ ಡಿಸೆಂಬರ್ 24ರ ಗ್ರಾಹಕರ ದಿನದ ಭಾಷಣಕ್ಕೆ ಬರುವ ಶಾಸಕರ ಕೈಗೆ ಅದನ್ನೇ ಕೊಡಬಹುದು. "ಅವರು ಓದ್ತಾರಾ ಅಣ್ಣ?" ಅಂದ. ಪತ್ರಿಕೆಯವರಿಗೂ ಒಂದು ಪ್ರತಿ ಕೊಡು, ಓದ್ತಾರೆ ಅಂದೆ.