ಗಿರವಿ ಅಂಗಡಿ, ಹನ್ನೊಂದು ಗಂಟೆ

(ಇದನ್ನು ಬರೆದದ್ದು 2023ರ ನವೆಂಬರ್‌ನಲ್ಲಿ. ಏಳು ತಿಂಗಳು ಹಾಕದೆ ಇಟ್ಟುಕೊಂಡಿದ್ದೆ. ಅವಳು ಪೂರ್ತಿ ಓದಿ, ಒಂದೆರಡು ವಿವರ ಬದಲಿಸಿ, 'ಹಾಕಿ ಮಿಸ್' ಅಂದ ಮೇಲೆ ಇಲ್ಲಿ ಹಾಕುತ್ತಿದ್ದೇನೆ.)

ಶಿಡ್ಲಘಟ್ಟ
ಭಾನುವಾರ, 5 ನವೆಂಬರ್ 2023
ರಾತ್ರಿ ಹತ್ತೂವರೆ

ಅಟ್ಟ ಖಾಲಿ ಮಾಡುವ ಕೆಲಸ ಅರ್ಧಕ್ಕೇ ನಿಂತಿದೆ. ಹಿತ್ತಾಳೆ ಪಾತ್ರೆಗಳೆಲ್ಲ ನಡುಮನೆಯಲ್ಲಿ ಹರಡಿಕೊಂಡಿವೆ. ಬರೋ ಶನಿವಾರ ನೀರು ತುಂಬೋ ಹಬ್ಬ, ಹಂಡೆ ಇನ್ನೂ ಉಜ್ಜಿಲ್ಲ. ಅತ್ತೆ ಒಂದು ಮಾತೂ ಆಡದೆ ಮಲಗಿದರು. ನನಗೆ ನಿದ್ದೆ ಬರುತ್ತಿಲ್ಲ.

ಬೆಳಿಗ್ಗೆ ಅಟ್ಟದ ಮೇಲೆ ಒಂದು ನೋಟ್‌ಬುಕ್ ಸಿಕ್ಕಿತು. ಹಳೇ ಉತ್ತರ ಪತ್ರಿಕೆಗಳ ಕಟ್ಟಿನ ನಡುವೆ ಇತ್ತು. ನೀಲಿ ರಟ್ಟು. ಮೇಲೆ ನನ್ನದೇ ಅಕ್ಷರ: 'ಸಂಪರ್ಕ ಪತ್ತೆ, ಆಗಸ್ಟ್ 2020'. ಮೂರು ವರ್ಷ ಇದರ ಕೆಳಗೇ ಓಡಾಡಿದ್ದೇನೆ, ಉಂಡಿದ್ದೇನೆ, ಮಲಗಿದ್ದೇನೆ.

ಆಗ ಶಾಲೆ ಮುಚ್ಚಿತ್ತು, ನಮ್ಮನ್ನೆಲ್ಲ ಆ ಡ್ಯೂಟಿಗೆ ಹಾಕಿದ್ದರು. ನಿಮಗೆ ಗೊತ್ತೇ ಇದೆ. ಪಾಸಿಟಿವ್ ಬಂದವರ ಪಟ್ಟಿ ಬೆಳಿಗ್ಗೆ ಬರುತ್ತಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಎಲ್ಲಿ ಹೋಗಿದ್ರಿ, ಯಾರ ಜೊತೆ ಕೂತಿದ್ರಿ, ಎಷ್ಟು ಹೊತ್ತು, ಮಾಸ್ಕ್ ಇತ್ತಾ. ಒಂದೇ ಮನೆಯವರು, ಹತ್ತಿರ ಕೂತು ಹದಿನೈದು ನಿಮಿಷ ಮಾತಾಡಿದವರು ಪ್ರಾಥಮಿಕ ಸಂಪರ್ಕ. ಅವರ ಜೊತೆ ಇದ್ದವರು ದ್ವಿತೀಯ ಸಂಪರ್ಕ. ಜನ ಮೊದಲು ಬೈಯುತ್ತಿದ್ದರು. ಆಮೇಲೆ ಅಳುತ್ತಿದ್ದರು. ಆಮೇಲೆ ಎಲ್ಲಾ ಹೇಳುತ್ತಿದ್ದರು. ಬೇಡದ್ದನ್ನೂ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಪುಸ್ತಕವನ್ನು ಜಗಲಿ ಮೇಲೆ ಇಟ್ಟಿದ್ದೆ, ಆಮೇಲೆ ನೋಡೋಣ ಅಂತ. ಮಧ್ಯಾಹ್ನ ಅವಳು ಬಂದಳು.

ಹೆಸರು ಬರೆಯುವುದಿಲ್ಲ. 2017ರ ನನ್ನ ಹತ್ತನೇ ಕ್ಲಾಸಿನವಳು ಅಂದರೆ ಸಾಕು. ಮುಂದಿನ ಬೆಂಚು, ಕೈ ಎತ್ತದೆ ಪ್ರಶ್ನೆ ಕೇಳುತ್ತಿದ್ದವಳು. ಈಗ ಮದುವೆಯಾಗಿ ದಿಬ್ಬೂರಹಳ್ಳಿ ಕಡೆ ಇದ್ದಾಳೆ. ಒಂದು ಚೀಲ ಸೀತಾಫಲ ತಂದಿದ್ದಳು. ಜಗಲಿ ಮೇಲೆ ಇಟ್ಟಳು. ಸರಿಯಾಗಿ ಆ ನೀಲಿ ಪುಸ್ತಕದ ಮೇಲೆ.

"ಮಿಸ್, ಆಶಾ ಅಕ್ಕ ಬಂದಿದ್ರು. ಊರಲ್ಲಿ ಬಸುರಿ ಹೆಂಗಸರು ಯಾರ್ಯಾರು ಇದಾರೆ ಅಂತ ಬರ್ಕೊಂಡು ಹೋಗ್ತಿದಾರೆ. ನಾನು ಒಳಗಿಂದ ಆಚೆ ಬರಲೇ ಇಲ್ಲ."

ನಾನು ಅವಳ ಮುಖ ನೋಡಿದೆ.

"ಮೂರು ತಿಂಗಳು ಮಿಸ್. ನಮ್ಮಮ್ಮ, ನಮ್ಮತ್ತೆ, ಅವರು. ಬೇರೆ ಯಾರಿಗೂ ಗೊತ್ತಿಲ್ಲ. ಹೋದ ಸಲ ಎಲ್ಲರಿಗೂ ಹೇಳ್ಕೊಂಡ್ವಿ. ನಿಲ್ಲಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದು ಕೇಳೋರು. ಹೆಂಗಾಯ್ತು, ಏನ್ ತಿಂದೆ, ಎಲ್ಲಿ ಹೋಗಿದ್ದೆ. ಈ ಸಲ ಐದು ತಿಂಗಳು ತುಂಬೋವರೆಗೂ ಬಾಯಿ ಬಿಡಲ್ಲ ಅಂತ ಇದ್ದೆ."

ತಲಕಾಯಲಬೆಟ್ಟದ ಸುದ್ದಿ ನೀವೂ ಓದಿರುತ್ತೀರಿ. ಆಗಸ್ಟ್‌ನಲ್ಲಿ ಅಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಸ್ ಸಿಕ್ಕಿದೆ ಅಂತ ಈ ವಾರ ಪತ್ರಿಕೆಗಳಲ್ಲೆಲ್ಲ ಬಂತು. ಸುತ್ತ 5 ಕಿಲೋಮೀಟರ್‌ನ ಊರುಗಳಲ್ಲಿ ಜ್ವರ ಬಂದವರನ್ನು, ಗರ್ಭಿಣಿಯರನ್ನು ಹುಡುಕಿ ರಕ್ತ ಪರೀಕ್ಷೆಗೆ ಕಳಿಸುತ್ತಿದ್ದಾರೆ. ಸಿಕ್ಕಿರುವುದು ಸೊಳ್ಳೆಯಲ್ಲಿ, ಮನುಷ್ಯರಲ್ಲಲ್ಲ. ಆದರೂ ಟಿವಿಯವರ ಗಾಡಿ ಬಂದು ನಿಂತರೆ ಊರಿನ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಅವಳ ಗಂಡನ ಊರು ಆ 5 ಕಿಲೋಮೀಟರ್ ಒಳಗೇ ಇದೆ.

ನಾನು ಹೇಳಿದೆ. ಹೇಳಲೇಬೇಕಾಗಿತ್ತು. ಇದು ಡೆಂಗಿ ತರುವ ಈಡಿಸ್ ಸೊಳ್ಳೆಯೇ. ಹಗಲು ಕಚ್ಚುತ್ತೆ. ದೊಡ್ಡವರಿಗೆ ಬಂದರೆ ಎಷ್ಟೋ ಜನಕ್ಕೆ ಬಂದದ್ದೇ ಗೊತ್ತಾಗುವುದಿಲ್ಲ. ಸಣ್ಣ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಕೀಲು ನೋವು, ಅಷ್ಟೇ. ಆದರೆ ಬಸುರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ತಲೆ ಬೆಳೆಯದೇ ಹೋಗಬಹುದು. 2015-16ರಲ್ಲಿ ಬ್ರೆಜಿಲ್‌ನಲ್ಲಿ ಹಾಗೆ ಸಣ್ಣ ತಲೆಯ ಮಕ್ಕಳು ಹುಟ್ಟಿದ ಮೇಲೇ ಜಗತ್ತಿಗೆ ಇದರ ಭಯ ಗೊತ್ತಾಗಿದ್ದು. ಅದಕ್ಕೇ ಮೊದಲು ನಿಮ್ಮನ್ನು ಹುಡುಕುತ್ತಿದ್ದಾರೆ. ಆಶಾ ಅಕ್ಕನಿಗೆ ಹೇಳು, ರಕ್ತ ಕೊಡು, ಸ್ಕ್ಯಾನಿಂಗ್ ತಪ್ಪಿಸಬೇಡ. ಅವರಿಗೆ ಹೇಳಿದರೆ ನಿನಗೇ ಒಳ್ಳೇದು.

ಅವಳು ಎಲ್ಲಾ ಕೇಳಿಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು:

"ನಮ್ಮಪ್ಪನೂ ಹಂಗೇ ಅಂದ್ಕೊಂಡು ಹೇಳಿದ್ರು ಮಿಸ್."

ಒಳಗಿನಿಂದ ಅತ್ತೆ ಕಾಫಿ ತಂದರು. ನಾನು ಲೋಟ ಹಿಡಿದುಕೊಂಡೇ ಕೂತಿದ್ದೆ.

ಅವಳ ಅಪ್ಪ ಮನೆ ಹಿಂದೆ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದರು. ಬೆಳಗಾದರೆ ಗೂಡು ಮಾರ್ಕೆಟ್, ತಂದ ಗೂಡು ಬೇಯಿಸಿ ನೂಲು ತೆಗೆಯುವುದು. 2020ರಲ್ಲಿ ಮದುವೆಗಳೆಲ್ಲ ನಿಂತವು. ಸೀರೆ ಕೊಳ್ಳುವವರಿಲ್ಲ, ನೂಲು ಕೇಳುವವರಿಲ್ಲ. ಆಗಸ್ಟ್‌ನಲ್ಲಿ ಅವರಿಗೆ ಪಾಸಿಟಿವ್ ಬಂತು. ಅವರ ಹೆಸರು ನನ್ನ ಪಟ್ಟಿಗೆ ಬಂತು. ಫೋನ್ ಮಾಡಿದೆ. ಮೊದಲು ಎಲ್ಲೂ ಹೋಗಿಲ್ಲ ಅಂದರು. ನಾನು ಯಾರು ಅಂತ ಹೇಳಿದ ಮೇಲೆ ದನಿ ಬದಲಾಯಿತು. "ಓ, ನೀವಾ ಮಿಸ್ಸು. ನಿಮ್ಮತ್ರ ಸುಳ್ಳು ಹೇಳಕ್ಕಾಗಲ್ಲ" ಅಂದರು. ಹೆಂಡತಿಯ ತಾಳಿ ಸರ ತೆಗೆದುಕೊಂಡು ಚಿಂತಾಮಣಿಗೆ ಹೋಗಿದ್ದರಂತೆ. ಊರಲ್ಲೇ ಇಟ್ಟರೆ ಗೊತ್ತಾಗುತ್ತೆ ಅಂತ ಅಷ್ಟು ದೂರ. ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ಅರ್ಧ ಗಂಟೆ ಆ ಅಂಗಡಿಯಲ್ಲಿ ಕೂತಿದ್ದರು.

ನಾನು ಬರೆದುಕೊಂಡೆ. 'ಚಿಂತಾಮಣಿ, ಗಿರವಿ ಅಂಗಡಿ, 11 ಗಂಟೆ.'

ನಮಗೆ ಬೇಕಾಗಿದ್ದದ್ದು ಇಷ್ಟೇ: ಯಾವ ಜಾಗ, ಯಾವ ಹೊತ್ತು, ಎದುರಿಗೆ ಯಾರಿದ್ದರು. 'ಅಂಗಡಿ' ಅಂತ ಬರೆದು ಒಂದು ಫೋನ್ ನಂಬರ್ ಹಾಕಿದ್ದರೆ ಸಾಕಾಗಿತ್ತು. ಗಿರವಿ ಅನ್ನುವ ಮೂರಕ್ಷರ ಯಾವ ವೈರಸ್ಸಿಗೂ ಬೇಕಿರಲಿಲ್ಲ.

ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಆಗುತ್ತೆ. ಅವರು ಹೇಳಿದ್ದರಿಂದ ಆ ಅಂಗಡಿಯ ವಯಸ್ಸಾದ ಗುಮಾಸ್ತರನ್ನು ಮಾರನೆ ದಿನವೇ ಪರೀಕ್ಷೆ ಮಾಡಿಸಿದೆವು. ಅವರಿಗೆ ಆಗಲೇ ಆಕ್ಸಿಜನ್ ಕಡಿಮೆ ಇತ್ತು. ಆಸ್ಪತ್ರೆಗೆ ಸೇರಿಸಿದರು, ಉಳಿದರು. ಸಂಪರ್ಕ ಪತ್ತೆ ಬರೀ ಕಾಟ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಣ್ಣಾರೆ ನೋಡಿದ್ದೇನೆ.

ಆದರೆ ಆ ಸಂಜೆ ಕರೆಂಟ್ ಇರಲಿಲ್ಲ. ಆನ್‌ಲೈನ್ ಫಾರಂ ತೆರೆಯುತ್ತಿರಲಿಲ್ಲ. ಆರು ಗಂಟೆಗೆ ವರದಿ ಕೊಡಬೇಕು. ನಾನು ಪುಟದ ಫೋಟೋ ತೆಗೆದು ನಮ್ಮ ತಂಡದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಆ ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಒಂದು ದಿನವೂ ನೋಡಿರಲಿಲ್ಲ. ಬೆಳಗಾಗುವಷ್ಟರಲ್ಲಿ ಆ ಫೋಟೋ ಅವರೂರಿನ ಗ್ರೂಪಿನಲ್ಲಿತ್ತು.

ಅವಳು ಇವತ್ತು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಕೊರೊನಾ ಹದಿನಾಲ್ಕು ದಿನಕ್ಕೆ ಹೋಯ್ತು ಮಿಸ್. ಡೇರಿಯಲ್ಲಿ ನಮ್ಮನೆ ಹಾಲು ತಗೊಳ್ಳಲಿಲ್ಲ, ಅದೂ ಒಂದು ತಿಂಗಳಿಗೆ ಸರಿಹೋಯ್ತು. ಆದರೆ ತಾಳಿ ಸರದ ವಿಷಯ ಹೋಗ್ಲೇ ಇಲ್ಲ. ಆಗ ನನಗೊಂದು ಸಂಬಂಧ ಬಂದಿತ್ತು. ಅವರು ಸುಮ್ನೆ ಆಗಿಬಿಟ್ರು. ಅಮ್ಮ ಮದುವೆಮನೆಗಳಿಗೆ ಹೋಗೋದೇ ಬಿಟ್ರು. ಕತ್ತು ನೋಡ್ತಾರೆ ಅಂತ."

ನನಗೆ ಏನು ಹೇಳಬೇಕೋ ತೋಚಲಿಲ್ಲ. "ಅಪ್ಪ ಹೇಗಿದ್ದಾರಮ್ಮ?" ಅಂದೆ.

"ಇದಾರೆ. ಈಗ ಬೇರೆಯವರ ಹತ್ರ ಕೂಲಿಗೆ ಹೋಗ್ತಾರೆ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪ ಇವತ್ತಿಗೂ ನಿಮ್ಮ ಮೇಲೆ ಒಂದು ಮಾತು ಅಂದಿಲ್ಲ ಮಿಸ್. ಮಿಸ್ಸು ಹಂಗೆ ಮಾಡೋರಲ್ಲ, ಮೇಲೆ ಯಾರೋ ಹಾಕಿರ್ತಾರೆ ಅಂತಾರೆ."

ಅತ್ತೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಅವರ ಅಮ್ಮ ಹೇಳುತ್ತಿದ್ದ ಪ್ಲೇಗಿನ ಕಥೆ ತೆಗೆದರು. ಇಲಿ ಬಿದ್ದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆದರೆ ಮನೆಯಲ್ಲಿ ಇಲಿ ಸತ್ತರೆ ಕೆಲವರು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ರಾತ್ರೋರಾತ್ರಿ ಹೂಳುತ್ತಿದ್ದರಂತೆ. ಹೇಳಿದರೆ ಮನೆ ಹೊಕ್ಕು ಸಾಮಾನು ಸುಡುತ್ತಾರೆ ಅನ್ನೋ ಭಯ. "ಭಯ ಬಿದ್ದೋರು ಮುಚ್ಚಿಡ್ತಾರಮ್ಮ, ಆಮೇಲೆ ಎಲ್ಲರೂ ಸಾಯ್ತಾರೆ" ಅಂದು ಲೋಟ ತೆಗೆದುಕೊಂಡು ಒಳಗೆ ಹೋದರು. ಆ ಪ್ಲೇಗಿನ ಕಾಲಕ್ಕೆ 1897ರಲ್ಲಿ ಮಾಡಿದ ಕಾಯ್ದೆಯನ್ನೇ 2020ರಲ್ಲೂ ತೆಗೆದದ್ದು. ಅತ್ತೆಗೆ ಅದೆಲ್ಲ ಗೊತ್ತಿಲ್ಲ. ಗೊತ್ತಿರಬೇಕಾದ್ದು ಗೊತ್ತಿದೆ.

ಆಗ ಪೇಪರಿನಲ್ಲಿ ಚರ್ಚೆ ಎಲ್ಲ ಆಪ್‌ನದೇ ಆಗಿತ್ತು. ಆರೋಗ್ಯ ಸೇತು 2020ರ ಏಪ್ರಿಲ್ 2ಕ್ಕೆ ಬಂತು. ಬ್ಲೂಟೂತ್‌ನಲ್ಲಿ ಪಕ್ಕದವರ ಫೋನನ್ನು ಗುರುತಿಟ್ಟುಕೊಳ್ಳುತ್ತಿತ್ತು. ಮೇ 1ರಂದು ಕೆಲಸಕ್ಕೆ ಹೋಗುವವರಿಗೆಲ್ಲ ಕಡ್ಡಾಯ ಅಂದರು, ಆಮೇಲೆ ಸಡಿಲ ಮಾಡಿದರು. ನಮ್ಮ ರಾಜ್ಯದಲ್ಲಂತೂ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಅದರ ಬಗ್ಗೆ ಕೇಳಿದ ಪ್ರಶ್ನೆಗಳೆಲ್ಲ ಸರಿಯೇ. ಆದರೆ ಅವಳ ಅಪ್ಪನ ಹತ್ತಿರ ಇದ್ದದ್ದು ಬಟನ್ ಫೋನು. ಅವರ ಗುಟ್ಟು ಯಾವ ಆಪ್‌ನಿಂದಲೂ ಹೊರಗೆ ಬರಲಿಲ್ಲ. ನನ್ನಿಂದ ಬಂತು.

ಆಪ್‌ನ ಮಾಹಿತಿಯನ್ನು ಸಾಮಾನ್ಯವಾಗಿ 180 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ 2020ರ ಮೇ 11ರಂದು ನಿಯಮ ಬಂತು. ಈ ನೀಲಿ ಪುಸ್ತಕ ಎಷ್ಟು ದಿನ ಇರಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಈ ಆಗಸ್ಟ್‌ನಲ್ಲಿ ಸಂಸತ್ತು ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಮಾಡಿದೆ. ಇನ್ನೂ ಜಾರಿಗೆ ಬಂದಿಲ್ಲ. ಅದು ಡಿಜಿಟಲ್ ಮಾಹಿತಿಗೆ ಮಾತ್ರ. ಅಂದರೆ ಕಾಗದದ ಮೇಲೆ ಇರುವವರೆಗೂ ಇದಕ್ಕೆ ಆ ಕಾಯ್ದೆ ಇಲ್ಲ. ಫೋಟೋ ತೆಗೆದ ಮೇಲೆ ಲೆಕ್ಕ ಬೇರೆ. ನಾನು ಫೋಟೋ ತೆಗೆದೆ.

ಅವಳೇ ನೆನಪಿಸಿದಳು. "ಮಿಸ್, ನಾವು ಹತ್ತರಲ್ಲಿದ್ದಾಗ ಪೇಪರ್ ತಂದು ಓದಿದ್ರಲ್ಲ, ಖಾಸಗಿತನ ಮೂಲಭೂತ ಹಕ್ಕು ಅಂತ." ಹೌದು. 2017ರ ಆಗಸ್ಟ್ 24ರ ತೀರ್ಪು. ಒಂಬತ್ತು ನ್ಯಾಯಮೂರ್ತಿಗಳು, ಒಂದೇ ಅಭಿಪ್ರಾಯ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅಂತ ಎಷ್ಟು ಹೆಮ್ಮೆಯಿಂದ ಹೇಳಿದ್ದೆ. ಆಗ ಇವಳು ಕೇಳಿದ್ದ ಪ್ರಶ್ನೆ ಈಗ ನೆನಪಾಯಿತು. ಬಡವರಿಗೂ ಖಾಸಗಿತನ ಇರುತ್ತಾ ಮಿಸ್, ನಮ್ಮನೇಲಿ ಇರೋದು ಒಂದೇ ರೂಮು. ಕ್ಲಾಸೆಲ್ಲ ನಕ್ಕಿತ್ತು. ಇರುತ್ತೆ ಅಂತ ನಾನು ಗಟ್ಟಿಯಾಗಿ ಹೇಳಿದ್ದೆ.

ಕೋವಿಡ್ ಬಂದವರ ಮನೆ ಮುಂದೆ ಪೋಸ್ಟರ್ ಅಂಟಿಸುವುದು ಬೇಡ, ಸಂಬಂಧಪಟ್ಟ ಅಧಿಕಾರಿಗಳ ಆದೇಶ ಇದ್ದರೆ ಮಾತ್ರ ಅಂತ ಸುಪ್ರೀಂ ಕೋರ್ಟು 2020ರ ಡಿಸೆಂಬರ್ 9ರಂದು ಹೇಳಿತು. ಅಷ್ಟು ಹೊತ್ತಿಗೆ ಅವರ ಮನೆ ಮುಂದಿನ ಸೀಲ್‌ಡೌನ್ ಬೊಂಬು ಬಿಚ್ಚಿ ಎಷ್ಟೋ ದಿನ ಆಗಿತ್ತು.

ನಾಲ್ಕರ ಬಸ್ಸಿಗೆ ಬಸ್‌ಸ್ಟ್ಯಾಂಡ್‌ವರೆಗೂ ಹೋದೆ. ದಾರಿಯುದ್ದಕ್ಕೂ ಹೇಳಿಬಿಡಬೇಕು ಅಂದುಕೊಂಡೆ. ಹೂವಿನ ಅಂಗಡಿ ಹತ್ತಿರ ಹೇಳೋಣ, ಆ ತಿರುವಿನಲ್ಲಿ ಹೇಳೋಣ. ಅವಳು ಸೊಳ್ಳೆ ಪರದೆ ರೇಟು ಕೇಳಿದಳು. ಒಂದು ಕೊಡಿಸಿದೆ. ಬೇಡ ಅಂದಳು, ಬಲವಂತ ಮಾಡಿದೆ. ಹಗಲು ಮಲಗುವಾಗಲೂ ಕಟ್ಟಿಕೋ, ತೊಟ್ಟಿಯ ನೀರು ವಾರಕ್ಕೊಮ್ಮೆ ಚೆಲ್ಲಿ ಉಜ್ಜು ಅಂದೆ. ಬಸ್ ಹತ್ತುವ ಮುಂಚೆ ಕೈ ಹಿಡಿದುಕೊಂಡಳು.

"ಬುಧವಾರ ಆಶಾ ಅಕ್ಕ ಮತ್ತೆ ಬರ್ತಾರಂತೆ. ನೀವು ಹೇಳು ಅಂದ್ರೆ ಹೇಳ್ತೀನಿ ಮಿಸ್."

ಹೇಳು ಅಂದೆ. ಆಶಾ ಅಕ್ಕನಿಗೆ ಒಬ್ಬರಿಗೇ, ಒಳಗೆ ಕೂರಿಸಿಕೊಂಡು ಹೇಳು. ಈ ಪಟ್ಟಿ ಯಾರ್ಯಾರ ಕೈಗೆ ಹೋಗುತ್ತೆ ಅಂತ ಕೇಳು. ಕೇಳೋದು ತಪ್ಪಲ್ಲ. ಫೋಟೋ ತೆಗೀಬೇಡಿ ಅನ್ನು. ಅವಳು ತಲೆಯಾಡಿಸಿದಳು. ಬಸ್ ಹೊರಟಿತು.

ವಾಪಸ್ ಬಂದು ಪುಸ್ತಕ ತೆಗೆದೆ. ಸೀತಾಫಲದ ಕೆಳಗೆ ರಟ್ಟು ಒದ್ದೆಯಾಗಿತ್ತು. ಎಣಿಸಿದೆ, 212 ಹೆಸರು. ಯಾರು ಯಾರ ಮನೆಗೆ ರಾತ್ರಿ ಹೋಗಿದ್ದರು, ಯಾರು ಯಾವ ಡಾಕ್ಟರ ಹತ್ತಿರ ಯಾವ ಕಾಯಿಲೆಗೆ ಹೋಗಿದ್ದರು, ಯಾರು ಬಿಟ್ಟುಹೋದ ಹೆಂಡತಿಯನ್ನು ನೋಡಲು ಮುಳಬಾಗಿಲಿನವರೆಗೆ ಹೋಗಿ ಬಾಗಿಲು ತೆಗೆಯದೆ ವಾಪಸ್ ಬಂದರು. ಎಲ್ಲಾ ಇದೆ. ನನ್ನ ದುಂಡು ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿಕೊಂಡು. ಹಂಡೆ ಒಲೆಗೆ ಹಾಕಿದರೆ ಐದು ನಿಮಿಷದ ಕೆಲಸ. ನಾಳೆಯೇ ಹಾಕುತ್ತೇನೆ. ಆ ಒಂದು ಪುಟ ಮಾತ್ರ ಹರಿದು ಪಕ್ಕಕ್ಕೆ ಇಟ್ಟಿದ್ದೇನೆ. ಅದನ್ನು ಅವಳ ಅಪ್ಪನ ಕೈಗೆ ಕೊಟ್ಟು ಹೇಳಬೇಕು. ಬುಧವಾರ ಅರ್ಧ ದಿನ ರಜೆ ಸಿಗುತ್ತಾ ಕೇಳಬೇಕು.

ಈಗ ಆ ಪುಟ ದೀಪದ ಹತ್ತಿರ ಇದೆ. ನೋಡುತ್ತಾ ಕೂತಿದ್ದೇನೆ. ಒಂದು ವಿಷಯ ಈಗ ಹೊಳೆಯಿತು, ಎದೆ ಧಸಕ್ಕೆಂದಿತು. ಆ ಫೋಟೋವನ್ನು ಊರೆಲ್ಲ ನೋಡಿದೆ. ಅವಳೂ ನೋಡಿರಬೇಕು. ಒಂದು ವರ್ಷ ಪೂರ್ತಿ ಮುಂದಿನ ಬೆಂಚಿನಲ್ಲಿ ಕೂತು ಬೋರ್ಡಿನ ಮೇಲೆ ಇದೇ ಅಕ್ಷರ ನೋಡಿದವಳು, ಇದೇ ಕೆಂಪು ಅಡಿಗೆರೆ